ತುಡುವೆಯ ಹಳೇ ನುಸಿ

ಮೆಲ್ಲಿಫೆರಾ ಪೆಟ್ಟಿಗೆ ಸತ್ತಾಗ "ಕಾಡಿನ ತುಡುವೆಯಿಂದ ನುಸಿ ಬಂತು" ಎಂಬ ಮಾತನ್ನು ನಾವು ಊರೂರಲ್ಲಿ ಕೇಳಿದ್ದೇವೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಕಥೆ.

ಈ ನುಸಿ ತೆಂಗಿನ ನುಸಿಯಲ್ಲ. ಸಾಸಿವೆ ಕಾಳಿನಷ್ಟು ದಪ್ಪ, ಕೆಂಪು-ಕಂದು ಬಣ್ಣ, ಏಡಿಯಂತೆ ಚಪ್ಪಟೆ. ಜಾವಾ ದ್ವೀಪದಲ್ಲಿ ಜೇಕಬ್ಸನ್ ಎಂಬವರು ತುಡುವೆಯ ಗೂಡಿನಿಂದ ಹಿಡಿದ ಇಂಥದೇ ನುಸಿಗೆ ಡಚ್ ವಿಜ್ಞಾನಿ ಔಡಮನ್ಸ್ 1904ರಲ್ಲಿ 'ವರೋವ' ಎಂದು ಹೆಸರಿಟ್ಟರು. ಜೇನು ಸಾಕಣೆ ಬಗ್ಗೆ ಬರೆದ ರೋಮಿನ ಪಂಡಿತ ವರೋ ನೆನಪಿಗೆ. ಆಮೇಲೆ ಬಹುಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಾರಣ ತುಡುವೆಯ ಮನೆಯೊಳಗೇ ಇದೆ. ಅಲ್ಲಿ ನುಸಿ ಮರಿ ಮಾಡುವುದು ಗಂಡುನೊಣದ ಕೋಣೆಗಳಲ್ಲಿ ಮಾತ್ರ. ಗಂಡುನೊಣ ಹುಟ್ಟುವುದು ವರ್ಷದ ಕೆಲವು ಕಾಲದಲ್ಲಷ್ಟೇ, ಹಾಗಾಗಿ ನುಸಿಯ ಸಂಸಾರವೂ ಅಷ್ಟಕ್ಕೇ. ನುಸಿ ಹೆಚ್ಚಾಗಿ ಸೊರಗಿದ ಗಂಡುಮರಿಗೆ ಮುಚ್ಚಳ ಒಡೆದು ಹೊರಬರುವ ಶಕ್ತಿ ಇರುವುದಿಲ್ಲ, ನುಸಿಯೂ ಅದರ ಜೊತೆ ಒಳಗೇ ಸಮಾಧಿ. ಕೆಲಸಗಾರ ಮರಿಗೆ ನುಸಿ ಹತ್ತಿದರೆ ನೊಣಗಳು ಅದನ್ನು ಎಳೆದು ಹೊರಗೆ ಹಾಕುತ್ತವೆ. ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತದೆ, ನಮ್ಮಲ್ಲಿ ಹೇನು ಹೆಕ್ಕಿದ ಹಾಗೆ. ಸ್ನೇಹವಲ್ಲ ಇದು, ಬೇಲಿ ಹಾಕಿಕೊಂಡ ಅಕ್ಕಪಕ್ಕದ ಬಾಳು.

ಬೇಲಿ ಮುರಿದವರು ಮನುಷ್ಯರು. ಹೆಚ್ಚು ತುಪ್ಪದ ಆಸೆಗೆ ಯುರೋಪಿನ ಮೆಲ್ಲಿಫೆರಾ ಪೆಟ್ಟಿಗೆಗಳನ್ನು ರಷ್ಯಾದ ಪೂರ್ವ ತುದಿಗೆ, ಜಪಾನಿಗೆ ಒಯ್ದು ತುಡುವೆಯ ಪಕ್ಕ ಇಟ್ಟರು. ಕಳೆದ ಶತಮಾನದ ಮಧ್ಯದ ಹೊತ್ತಿಗೆ ನುಸಿ ಮನೆ ಬದಲಿಸಿತ್ತು. ಹೊಸ ಮನೆಯಲ್ಲಿ ಕೆಲಸಗಾರ ಮರಿಗಳ ಮೇಲೂ ಅದು ಹೆರುತ್ತದೆ, ತಡೆಯುವವರು ಕಮ್ಮಿ. ಜೊತೆಗೆ ರೆಕ್ಕೆ ಮುದುಡಿಸುವ ವೈರಸ್ಸನ್ನೂ ಹರಡುತ್ತದೆ. ಪೆಟ್ಟಿಗೆ, ರಾಣಿ ವ್ಯಾಪಾರದ ಬೆನ್ನೇರಿ 1970ರ ದಶಕದಲ್ಲಿ ಪಶ್ಚಿಮ ಯುರೋಪು, 1987ರಲ್ಲಿ ಅಮೆರಿಕ ತಲುಪಿತು. 2022ರಲ್ಲಿ ಆಸ್ಟ್ರೇಲಿಯಾದಲ್ಲೂ ಕಾಣಿಸಿಕೊಂಡಿತು.

ನಮ್ಮ ಕಡೆ 1990ರ ದಶಕದಲ್ಲಿ ತುಡುವೆ ರಾಶಿ ರಾಶಿ ಸತ್ತದ್ದು ಈ ನುಸಿಯಿಂದಲ್ಲ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ಸಿನಿಂದ. ಹಿರಿಯ ಸಾಕಣೆದಾರರಿಗೆ ಆ ಖಾಲಿ ಪೆಟ್ಟಿಗೆಗಳ ನೆನಪು ಇನ್ನೂ ಇದೆ. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬಾರದು.

2000ನೇ ಇಸವಿಯಲ್ಲಿ ಆಂಡರ್ಸನ್ ಮತ್ತು ಟ್ರೂಮನ್ ಎಂಬ ವಿಜ್ಞಾನಿಗಳು ಇನ್ನೊಂದು ಗಂಟು ಬಿಚ್ಚಿದರು. ಲೋಕವೆಲ್ಲ ಮೆಲ್ಲಿಫೆರಾ ಕೊಲ್ಲುತ್ತಿರುವುದು ಔಡಮನ್ಸ್ ಹೆಸರಿಟ್ಟ ಜಾವಾದ ನುಸಿಯಲ್ಲ, ಅದರ ದಾಯಾದಿ. ಅದಕ್ಕವರು 'ಡಿಸ್ಟ್ರಕ್ಟರ್', ಅಂದರೆ ನಾಶಕ, ಎಂದು ಹೆಸರಿಟ್ಟರು. ಆ ನಾಶಕನ ಮೂಲ ಮನೆಯೂ ತುಡುವೆಯ ಗೂಡೇ, ಅಲ್ಲಿ ಮಾತ್ರ ಅದು ಇವತ್ತಿಗೂ ಗಂಡುಮರಿಯ ಕೋಣೆ ದಾಟುವುದಿಲ್ಲ.