ದಿನಗೂಲಿ ಗೋಲ್‌ಕೀಪರ್

ಚರಿತ್ರೆಯ ಪಾಠ ಹೇಳುವವರಿಗೆಲ್ಲ ಒಂದು ಕೆಟ್ಟ ಅಭ್ಯಾಸವಿರುತ್ತದೆ. ಯುದ್ಧ ಗೆದ್ದವನ ಹೆಸರನ್ನು ಕಪ್ಪುಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಸೋತವನ ಹೆಸರನ್ನು ಅದರ ಕೆಳಗೆ ಬರೆಯುತ್ತೇವೆ. ಸಂಬಳಕ್ಕಾಗಿ ಯುದ್ಧಕ್ಕೆ ಹೋಗಿ, ಬದುಕಿ ಉಳಿದು, ಮನೆಗೆ ಬಂದು ಮತ್ತೆ ನೇಗಿಲು ಹಿಡಿದವನ ಹೆಸರು ನಮಗೆ ಗೊತ್ತೂ ಇರುವುದಿಲ್ಲ, ಬರೆಯಲು ಹಲಗೆಯಲ್ಲಿ ಜಾಗವೂ ಇರುವುದಿಲ್ಲ. ಆಟದ ಚರಿತ್ರೆಯಲ್ಲೂ ಇದೇ ಕಥೆ. ಪೆಲೆ, ಮರಡೋನಾ ಹೆಸರುಗಳನ್ನು ನಮ್ಮ ಏಳನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಆದರೆ ಆ ಆಟವನ್ನು ಹೊಟ್ಟೆಪಾಡಾಗಿ ಆಡಿ, ಒಂದು ಊರಿನ ತಂಡದಿಂದ ಇನ್ನೊಂದು ಊರಿನ ತಂಡಕ್ಕೆ ಗಂಟುಮೂಟೆ ಹೊತ್ತು ಅಲೆದವರು ಸಾವಿರಾರು ಜನ.

ಅಂಥವರನ್ನು ಇಂಗ್ಲಿಷರು ಜರ್ನಿಮನ್ ಎನ್ನುತ್ತಾರೆ. ಊರೂರು ತಿರುಗುವುದರಿಂದ ಆ ಹೆಸರು ಬಂದಿರಬೇಕೆಂದು ನಾನು ಬಹಳ ಕಾಲ ತಿಳಿದಿದ್ದೆ. ನಿಘಂಟು ತೆಗೆದು ನೋಡಿದಾಗ ಗೊತ್ತಾಯಿತು, ಆ ಶಬ್ದಕ್ಕೂ ಪ್ರಯಾಣಕ್ಕೂ ನೇರ ಸಂಬಂಧವಿಲ್ಲ. ಫ್ರೆಂಚರಲ್ಲಿ ಒಂದು ಹಗಲಿಗೆ, ಒಂದು ಹಗಲಿನ ದುಡಿಮೆಗೆ ಇರುವ ಶಬ್ದದಿಂದ ಅದು ಬಂದದ್ದು. ಎಂದರೆ ನಮ್ಮ ದಿನಗೂಲಿಯವನು. ಕೆಲಸ ಚೆನ್ನಾಗಿ ಬಲ್ಲ, ಆದರೆ ತನ್ನದೇ ಅಂಗಡಿಯಿಲ್ಲ.

ಫುಟ್‌ಬಾಲಿನ ನಿಯಮಗಳೆಲ್ಲ ನನಗೆ ತಿಳಿದಿವೆ ಎಂದರೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ನಗುತ್ತಾರೆ. ಆಫ್‌ಸೈಡ್ ಎಂಬುದು ನನಗೆ ಇಂದಿಗೂ ಬೀಜಗಣಿತ. ಆದರೂ ಅಂಥ ಒಬ್ಬ ದಿನಗೂಲಿ ಆಟಗಾರನ ಕಥೆ ನನ್ನನ್ನು ಹಿಡಿದುಕೊಂಡಿತು. ಅವನ ಹೆಸರು ಆರ್ಥರ್ ವಾರ್ಟನ್.

ಅವನು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. 1865ರ ಅಕ್ಟೋಬರಿನಲ್ಲಿ, ಆಗ ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದ, ಈಗ ಘಾನಾ ಎನ್ನುವ ದೇಶದ ಅಕ್ರಾ ಪಟ್ಟಣದಲ್ಲಿ. ತಂದೆ ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದಿಂದ ಬಂದ ವೆಸ್ಲಿಯನ್ ಪಾದ್ರಿ. ಅರ್ಧ ಸ್ಕಾಟಿಷ್ ರಕ್ತ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಶಾಲೆ, ಮುದ್ರಣಾಲಯ, ಆಸ್ಪತ್ರೆಗಳನ್ನು ನಡೆಸಿದ ಅದೇ ವೆಸ್ಲಿಯನ್ ಮಿಷನ್. ತಾಯಿ ಅಲ್ಲಿನ ಫಾಂಟಿ ಜನರ ರಾಜಮನೆತನದ ಕಡೆಯವಳು. ಮಗನೂ ಪಾದ್ರಿಯೋ ಉಪಾಧ್ಯಾಯನೋ ಆಗಲಿ ಎಂದು 1882ರಲ್ಲಿ ಅವನನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಎರಡು ವರ್ಷದ ಬಳಿಕ ಅವನು ಉತ್ತರದ ಡಾರ್ಲಿಂಗ್ಟನ್ನಿನ ಕಾಲೇಜಿಗೆ ಬಂದ. ಅಲ್ಲಿ ಪುಸ್ತಕ ಪಕ್ಕಕ್ಕೆ ಸರಿಯಿತು, ಕಾಲು ಮುಂದಕ್ಕೆ ಬಂತು.

1886ರ ಜುಲೈ ತಿಂಗಳಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ ಇಂಗ್ಲೆಂಡಿನ ಹವ್ಯಾಸಿ ಓಟಗಾರರ ಚಾಂಪಿಯನ್‌ಷಿಪ್ ನಡೆಯಿತು. ನೂರು ಗಜದ ಓಟವನ್ನು, ಎಂದರೆ ಸುಮಾರು 91 ಮೀಟರನ್ನು, ಆರ್ಥರ್ 10 ಸೆಕೆಂಡಿನಲ್ಲಿ ಓಡಿ ಗೆದ್ದ. ಆ ಚಾಂಪಿಯನ್‌ಷಿಪ್ಪಿನಲ್ಲಿ ಅಷ್ಟು ಬೇಗ ಅದುವರೆಗೆ ಯಾರೂ ಓಡಿರಲಿಲ್ಲ. ಆಗ ಅವನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಮರುವರ್ಷವೂ ಅವನೇ ಗೆದ್ದ.

ಇಷ್ಟು ವೇಗದ ಕಾಲಿರುವವನನ್ನು ಫುಟ್‌ಬಾಲಿನಲ್ಲಿ ಎಲ್ಲಿ ನಿಲ್ಲಿಸಬೇಕು? ಮುಂದೆ, ಅಲ್ಲವೇ? ಅವನು ನಿಂತದ್ದು ಗೋಲಿನ ಬಾಯಲ್ಲಿ. ಆ ಕಾಲದ ಗೋಲ್‌ಕೀಪರ್ ಕೆಲಸ ಇಂದಿನಂತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಎದುರಾಳಿಗಳು ಚೆಂಡಿನ ಜೊತೆಗೆ ಗೋಲ್‌ಕೀಪರನನ್ನೂ ಭುಜ ಕೊಟ್ಟು ಕೆಡವಬಹುದಿತ್ತು. ಕೈಗೆ ಗವುಸು ಹಾಕುವ ರೂಢಿ ಇರಲಿಲ್ಲ. ಗೋಲಿಗೆ ಬಲೆ ಕಟ್ಟುವುದು ಶುರುವಾದದ್ದೇ 1891ರಲ್ಲಿ. ಗೋಲ್‌ಕೀಪರ್ ಆದವನು ಗಟ್ಟಿ ಮೂಳೆಯವನಾಗಿರಬೇಕಿತ್ತು, ಸ್ವಲ್ಪ ಹುಚ್ಚನೂ ಆಗಿರಬೇಕಿತ್ತು. ಆರ್ಥರನಲ್ಲಿ ಎರಡೂ ಇದ್ದವು. ಗೋಲು ಕಂಬದ ಬಳಿ ಕುಕ್ಕರಗಾಲಲ್ಲಿ ಕೂತು, ಚೆಂಡು ಬಂದಾಗ ಮಿಂಚಿನಂತೆ ಹಾರಿ ಗುದ್ದುತ್ತಿದ್ದನಂತೆ.

1886ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಎಂಬ ದೊಡ್ಡ ತಂಡ ಅವನನ್ನು ಕರೆಯಿತು. ಆ ತಂಡದ ಜೊತೆ ಅವನು 1887ರಲ್ಲಿ ಎಫ್.ಎ. ಕಪ್ಪಿನ ಸೆಮಿಫೈನಲ್ ತನಕ ಹೋದ. ಅಲ್ಲಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 3–1ರಿಂದ ಗೆದ್ದಿತು. ಅದೇ ವರ್ಷ ಒಂದು ಕ್ರೀಡಾಪತ್ರಿಕೆ ಅವನ ಬಣ್ಣವನ್ನು ಹಂಗಿಸಿ, ಗೋಲಿನ ಬಾಯಿ ಚೇಷ್ಟೆಯ ಜಾಗವಲ್ಲ ಎಂದು ಹೊಳೆಯದಷ್ಟು ಇವನ ತಲೆ ದಪ್ಪವೇ ಎಂದು ಬರೆಯಿತು. ಅದೇ ಆಟವನ್ನು ಬಿಳಿಯನೊಬ್ಬ ಆಡಿದ್ದರೆ ಧೈರ್ಯ ಎನ್ನುತ್ತಿದ್ದರೇನೋ. ಇವನು ಆಡಿದ್ದರಿಂದ ಅದು ಮಂಗಾಟವಾಯಿತು.

ಇಲ್ಲಿ ವಿಧಿಯ ಒಂದು ಕುಚೋದ್ಯವಿದೆ. 1888ರಲ್ಲಿ ಹನ್ನೆರಡು ತಂಡಗಳು ಸೇರಿ ಫುಟ್‌ಬಾಲ್ ಲೀಗ್ ಸ್ಥಾಪಿಸಿದವು. ಅದರ ಮೊದಲ ವರ್ಷವೇ ಪ್ರೆಸ್ಟನ್ ತಂಡ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗನ್ನೂ ಗೆದ್ದಿತು, ಎಫ್.ಎ. ಕಪ್ಪನ್ನೂ ಗೆದ್ದಿತು. ಚರಿತ್ರೆಯಲ್ಲಿ ಅವರಿಗೆ ಅಜೇಯರು ಎಂಬ ಬಿರುದಿದೆ. ಆದರೆ ಆರ್ಥರ್ ಆ ವರ್ಷ ಅಲ್ಲಿರಲಿಲ್ಲ. ಹಣಕ್ಕಾಗಿ ಓಡುವ ಪಂದ್ಯಗಳ ಕಡೆಗೆ ಮನಸ್ಸು ಹೋಗಿ, ಕೆಲವೇ ತಿಂಗಳ ಹಿಂದೆ ತಂಡ ಬಿಟ್ಟಿದ್ದ. ಇನ್ನೊಂದು ವರ್ಷ ತಡೆದಿದ್ದರೆ ಅವನ ಹೆಸರು ದಪ್ಪ ಅಕ್ಷರದಲ್ಲೇ ಇರುತ್ತಿತ್ತು.

ಅಲ್ಲಿಂದ ಮುಂದಿನದು ಅಲೆದಾಟ. 1889ರಲ್ಲಿ ರಾದರ್‌ಹ್ಯಾಮ್ ಟೌನ್ ತಂಡಕ್ಕೆ ಸಂಬಳದ ಆಟಗಾರನಾಗಿ ಸೇರಿದ. ಆಟಕ್ಕೆ ಸಂಬಳ ಕೊಡುವುದು ಕಾನೂನುಬದ್ಧವಾಗಿ ಆಗ ನಾಲ್ಕೇ ವರ್ಷವಾಗಿತ್ತು. 1890ರಲ್ಲಿ ಎಮ್ಮಾ ಲಿಸ್ಟರ್ ಎಂಬಾಕೆಯನ್ನು ಮದುವೆಯಾದ. 1894ರಲ್ಲಿ ಷೆಫೀಲ್ಡ್ ಯುನೈಟೆಡ್ ತಂಡ ಕರೆಯಿತು. ಆಟದ ಜೊತೆಗೆ ನಡೆಸಿಕೊಳ್ಳಲು ಒಂದು ಪಬ್ಬನ್ನೂ ಅವನಿಗೆ ವಹಿಸಿದರು. ಪಾದ್ರಿಯ ಮಗ ಹೆಂಡದಂಗಡಿಯ ಗಲ್ಲಾದ ಹಿಂದೆ ನಿಂತ ಚಿತ್ರವನ್ನು ನೀವೇ ಊಹಿಸಿಕೊಳ್ಳಿ. ಕುಡಿತವೂ ಅವನಿಗೆ ಅಂಟಿಕೊಂಡಿತೆಂದು ಬರೆದವರಿದ್ದಾರೆ.

ಷೆಫೀಲ್ಡಿನಲ್ಲಿ ಅವನಿಗಿಂತ ಮುಂದೆ ಒಬ್ಬ ನಿಂತಿದ್ದ. ವಿಲಿಯಂ ಫೋಕ್ ಎಂಬ ಆರಡಿ ಮೀರಿದ ಆಳು. ಮುಂದೆ ನೂರು ಕಿಲೋ ದಾಟಿ ಬೆಳೆದು ‘ಡುಮ್ಮ’ ಎಂಬ ಅಡ್ಡಹೆಸರಿನಿಂದಲೇ ಪ್ರಸಿದ್ಧನಾದವನು. ಅವನು ಗೋಲಿನಲ್ಲಿ ನಿಂತರೆ ಇನ್ನೊಬ್ಬನಿಗೆ ಜಾಗವೆಲ್ಲಿ? ಆ ಇಡೀ ಋತುವಿನಲ್ಲಿ ಆರ್ಥರನಿಗೆ ಸಿಕ್ಕಿದ್ದು ಮೂರು ಪಂದ್ಯ. ಅದರಲ್ಲಿ ಒಂದು, 1895ರ ಫೆಬ್ರವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಆಡಿದ್ದು, ಮೊದಲ ದರ್ಜೆಯ ಲೀಗ್ ಪಂದ್ಯ. ಇಂಗ್ಲೆಂಡಿನ ಮೇಲ್ದರ್ಜೆಯ ಲೀಗಿನಲ್ಲಿ ಕಪ್ಪು ಜನಾಂಗದವನೊಬ್ಬ ಆಡಿದ್ದು ಅದೇ ಮೊದಲು. ಅಂದು ಯಾರಿಗೂ ಅದು ದೊಡ್ಡ ಸಂಗತಿಯೆಂದು ತೋರಿದಂತಿಲ್ಲ. ಬದಲಿ ಆಳು ಬಂದ, ಆಡಿದ, ಹೋದ.

ಮತ್ತೆ ರಾದರ್‌ಹ್ಯಾಮ್. ಆಮೇಲೆ ಸ್ಟೇಲಿಬ್ರಿಜ್ ರೋವರ್ಸ್. ಅಲ್ಲಿಂದ ಆಷ್ಟನ್ ನಾರ್ತ್ ಎಂಡ್. ತಿರುಗಿ ಸ್ಟೇಲಿಬ್ರಿಜ್. ಕೊನೆಗೆ ಎರಡನೆಯ ದರ್ಜೆಯ ಸ್ಟಾಕ್‌ಪೋರ್ಟ್ ಕೌಂಟಿ. 1902ರಲ್ಲಿ ಆಟ ಮುಗಿಯಿತು. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಟ್ರಂಕು ಕಟ್ಟಿದ ನನ್ನಂಥ ಉಪಾಧ್ಯಾಯಿನಿಗೆ ಈ ಪಟ್ಟಿ ಓದುವಾಗ ಒಳಗೇ ಏನೋ ಚುರುಕ್ಕೆಂದಿತು. ನಮಗಾದರೂ ಊರು ಬದಲಾದರೆ ಪಿಂಚಣಿ ಹಿಂದೆಯೇ ಬರುತ್ತದೆ.

ಅವನ ಕಾಲದ ಆಟಗಾರರಿಗೆ ಅದೊಂದೂ ಇರಲಿಲ್ಲ. 1901ರಲ್ಲಿ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಬಾರದೆಂದು ಮೇಲಿನಿಂದ ಗೆರೆ ಎಳೆದರು. ಆಟಗಾರನ ಹೆಸರು ತಂಡದ ಪಟ್ಟಿಯಲ್ಲಿ ಒಮ್ಮೆ ನೋಂದಣಿಯಾದರೆ, ಕರಾರು ಮುಗಿದ ಮೇಲೂ ತಂಡದ ಒಪ್ಪಿಗೆಯಿಲ್ಲದೆ ಲೀಗಿನ ಇನ್ನೊಂದು ತಂಡಕ್ಕೆ ಹೋಗುವಂತಿರಲಿಲ್ಲ. ಜೀತ ಎಂಬ ಶಬ್ದ ಸ್ವಲ್ಪ ಖಾರವಾಯಿತೇನೋ. ಆದರೆ ಬೇರೆ ಶಬ್ದ ನನಗೆ ತೋಚುತ್ತಿಲ್ಲ. ಸಂಬಳದ ಆ ಗೆರೆ ಅಳಿಸಿಹೋದದ್ದು 1961ರಲ್ಲಿ. ಆ ನೋಂದಣಿಯ ಕಟ್ಟು ಸಡಿಲವಾದದ್ದು 1963ರಲ್ಲಿ, ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ತನ್ನ ಹಳೆಯ ತಂಡ ನ್ಯೂಕಾಸಲ್ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿ ಗೆದ್ದಾಗ. ಆಗ ಆರ್ಥರ್ ಸತ್ತು ಮೂವತ್ತು ವರ್ಷ ಮೀರಿತ್ತು.

ಆಟ ಮುಗಿದ ಮೇಲೆ ಅವನು ಕಲ್ಲಿದ್ದಲಿನ ಗಣಿಗೆ ಇಳಿದ. ಡಾಂಕಾಸ್ಟರ್ ಹತ್ತಿರದ ಎಡ್ಲಿಂಗ್ಟನ್ ಎಂಬ ಊರಿನ ಯಾರ್ಕ್‌ಷೈರ್ ಮೇನ್ ಗಣಿಯಲ್ಲಿ ಕಲ್ಲಿದ್ದಲು ಸಾಗಿಸುವ ಕೆಲಸ. ಹತ್ತು ಸೆಕೆಂಡಿನ ಕಾಲು ಗಣಿಯ ಕತ್ತಲಲ್ಲಿ ಎಷ್ಟು ವರ್ಷ ನಡೆಯಿತೋ! 1930ರ ಡಿಸೆಂಬರಿನಲ್ಲಿ, 65ರ ವಯಸ್ಸಿನಲ್ಲಿ ತೀರಿಕೊಂಡ. ಅದೇ ಊರಿನಲ್ಲಿ, ಹೆಸರು ಬರೆದ ಕಲ್ಲೂ ಇಲ್ಲದ ಗೋರಿಯಲ್ಲಿ ಹೂಳಿದರು.

ಆದರೆ ಯಾರೂ ನೆನೆಯಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. 1942ರಲ್ಲಿ, ಮಹಾಯುದ್ಧದ ನಡುವೆ, ಷೆಫೀಲ್ಡಿನ ಪತ್ರಿಕೆಗೆ ಒಬ್ಬ ಹಳೆಯ ಪ್ರೇಕ್ಷಕ ಪತ್ರ ಬರೆದ. ಐವತ್ತು ವರ್ಷಕ್ಕೂ ಮೀರಿ ಫುಟ್‌ಬಾಲ್ ನೋಡಿದವನಂತೆ. ಒಮ್ಮೆ ರಾದರ್‌ಹ್ಯಾಮ್ ಪಂದ್ಯದಲ್ಲಿ ವಾರ್ಟನ್ ಮೇಲಕ್ಕೆ ನೆಗೆದು ಗೋಲಿನ ಅಡ್ಡಪಟ್ಟಿಗೆ ಜೋತುಬಿದ್ದು, ಬರುತ್ತಿದ್ದ ಚೆಂಡನ್ನು ಎರಡು ಕಾಲುಗಳ ನಡುವೆ ಹಿಡಿದನಂತೆ. ಅವನ ಮೇಲೆ ನುಗ್ಗಿ ಬಂದ ಮೂವರು ಎದುರಾಳಿಗಳು ಧೊಪ್ಪನೆ ಬಲೆಯೊಳಗೆ ಬಿದ್ದರಂತೆ. ಅಂಥದ್ದನ್ನು ಮತ್ತೆ ತಾನು ನೋಡಿಯೇ ಇಲ್ಲ ಎಂದು ಆತ ಬರೆದ. ಅರ್ಧ ಶತಮಾನ ಒಬ್ಬ ಸಾಮಾನ್ಯನ ತಲೆಯಲ್ಲಿ ಒಂದು ಆಟ ಹಾಗೇ ಉಳಿದಿತ್ತು. ಗೋರಿಕಲ್ಲು ಬಂದದ್ದು ಬಹಳ ತಡವಾಗಿ, 1997ರಲ್ಲಿ. ಷೆಫೀಲ್ಡಿನ ಜನಾಂಗಭೇದ ವಿರೋಧಿ ಸಂಘಟನೆಯವರು ಹಣ ಕೂಡಿಸಿ ನಿಲ್ಲಿಸಿದರು. 1998ರಲ್ಲಿ ಫಿಲ್ ವಾಸಿಲಿ ಅವನ ಜೀವನಚರಿತ್ರೆ ಬರೆದರು. 2014ರಲ್ಲಿ ಇಂಗ್ಲೆಂಡ್ ತಂಡ ತರಬೇತಿ ಪಡೆಯುವ ಸೇಂಟ್ ಜಾರ್ಜಸ್ ಪಾರ್ಕಿನಲ್ಲಿ ಅವನ ಪ್ರತಿಮೆ ನಿಂತಿತು. ಚೆಂಡಿಗಾಗಿ ಒಂದು ಕೈ ಮೇಲೆತ್ತಿ ಹಾರುವ ಭಂಗಿ.

ವಾಸಿಲಿಯವರ ಪುಸ್ತಕದ ಉಪಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಬೇಕಾದರೆ ‘ನೆನಪಿನ ಗೈರುಹಾಜರಿ’ ಎನ್ನಬೇಕು. ಮೂವತ್ತು ವರ್ಷ ಹಾಜರಿ ಕೂಗಿದವಳಿಗೆ ಆ ಮಾತು ಸುಮ್ಮನೆ ಬಿಡಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬರಿಗಾಲಲ್ಲಿ ಓಡುತ್ತಿದ್ದ. ನೂರು ಮೀಟರಿನಲ್ಲಿ ತಾಲ್ಲೂಕಿಗೆ ಮೊದಲು ಬಂದ, ಜಿಲ್ಲಾಮಟ್ಟಕ್ಕೆ ಆಯ್ಕೆಯಾದ. ಪರೀಕ್ಷೆ ಹತ್ತಿರವಿತ್ತು, ಗಣಿತದಲ್ಲಿ ಹದಿನೆಂಟು ಬಂದಿತ್ತು. ಅವನ ತಾಯಿ ಕೇಳಲು ಬಂದಾಗ ನಾನೇ ಹೇಳಿದೆ: “ಓಟದಿಂದ ಹೊಟ್ಟೆ ತುಂಬುತ್ತೇನಮ್ಮ? ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಲಿ.” ಆಕೆ “ನೀವು ಹೇಳಿದ ಹಾಗೇ ಆಗ್ಲಿ ಮೇಡಮ್” ಎಂದು ಕೈಮುಗಿದು ಹೋದಳು. ಹುಡುಗ ಜಿಲ್ಲೆಗೆ ಹೋಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸೂ ಆಗಲಿಲ್ಲ.

ಈಗ ಅವನು ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ ಮಾಡುತ್ತಾನೆ. ಕಂಡಾಗಲೆಲ್ಲ ಚೀಲ ಇಳಿಸಿ ನಮಸ್ಕಾರ ಹೇಳುತ್ತಾನೆ. ಆರ್ಥರನ ಕಥೆ ಓದಿದ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ, “ಈಗಲೂ ಓಡ್ತೀಯೇನಪ್ಪ?” ಅವನು ನಕ್ಕು, “ಬಸ್ಸು ಹಿಡಿಯೋದಕ್ಕೆ, ಮೇಡಮ್” ಎಂದ.

ಓಟ ಹೊಟ್ಟೆ ತುಂಬುವುದಿಲ್ಲ ಎಂದು ನಾನು ಆಡಿದ ಮಾತಿಗೆ ಆರ್ಥರ್ ವಾರ್ಟನನೇ ಸಾಕ್ಷಿ ಹೇಳಬಲ್ಲ. ಆದರೆ ಓಡಿದವನೂ ಗಣಿಗೆ ಇಳಿದ, ಓಡುವುದನ್ನು ಬಿಟ್ಟವನೂ ಮೂಟೆ ಹೊತ್ತ. ವ್ಯತ್ಯಾಸವಿಷ್ಟೇ: ಒಬ್ಬನ ಹತ್ತಿರ ಹತ್ತು ಸೆಕೆಂಡು ಉಳಿಯಿತು, ಇನ್ನೊಬ್ಬನ ಹತ್ತಿರ ಅದೂ ಉಳಿಯದಂತೆ ನಾನು ಮಾಡಿದೆ.

ಅವನು ತಾಲ್ಲೂಕಿನಲ್ಲಿ ಎಷ್ಟು ಸೆಕೆಂಡಿನಲ್ಲಿ ಓಡಿದ್ದ ಎಂದು ತಿಳಿಯುವ ಆಸೆಯಾಯಿತು. ಆಗ ನಾನಿದ್ದ ಶಾಲೆಗೆ ಹೋಗಿ ಕ್ರೀಡಾ ರಿಜಿಸ್ಟರು ಕೇಳಿದೆ. ಹಳೆಯವೆಲ್ಲ ಗೆದ್ದಲು ಹಿಡಿದು ರದ್ದಿಗೆ ಹೋದವಂತೆ. ಕೊನೆಗೆ ಅವನನ್ನೇ ಕೇಳಿದೆ. ಅವನು ತಲೆ ಕೆರೆದುಕೊಂಡು, “ಹನ್ನೆರಡೇ ಸೆಕೆಂಡು ಅಂದಿದ್ರು ಡ್ರಿಲ್ ಮೇಷ್ಟ್ರು” ಎಂದ. ಬರಿಗಾಲಿನ ಎಂಟನೆಯ ತರಗತಿಯ ಹುಡುಗನಿಗೆ ಹನ್ನೆರಡು ಸೆಕೆಂಡು ಸ್ವಲ್ಪ ಹೆಚ್ಚೇ ಎಂದು ತಿಳಿದವರು ಹೇಳಬಹುದು. ನಾನು ವಾದ ಮಾಡಲಿಲ್ಲ. ಮನೆಗೆ ಬಂದು, ಡೈರಿಯಲ್ಲಿ ಅವನ ಹೆಸರು, ಊರು, ವರ್ಷ ಬರೆದು, ಮುಂದೆ 12 ಎಂದು ಬರೆದಿಟ್ಟಿದ್ದೇನೆ.