ಪ್ರೌಢದೇವರಾಯನ ಸೈನ್ಯಸುಧಾರಣೆ

ವಿಜಯನಗರದ ಸೇನಾಬಲವನ್ನು ಅದರ ಸಂಖ್ಯೆಯಿಂದಲೇ ಅಳೆಯುವ ವಾಡಿಕೆಯು ಬಹು ಹಿಂದಿನದು. 1443ರಲ್ಲಿ ರಾಜಧಾನಿಯನ್ನು ಕಂಡ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ರಾಯರ ಸೈನ್ಯವು 11 ಲಕ್ಷವೆಂದು ಬರೆದಿದ್ದಾನೆ. ಈ ಎಣಿಕೆಯನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಆದರೆ ಇಷ್ಟು ಜನಬಲಕ್ಕೆ ಹೆಸರಾದ ರಾಜ್ಯವು ಬಹಮನಿ ಸುಲ್ತಾನರಿಗೆ ಮತ್ತೆ ಮತ್ತೆ ಸೋತುದೇಕೆ? ಈ ಪ್ರಶ್ನೆಯನ್ನು ಇಮ್ಮಡಿ ದೇವರಾಯನೇ (1424-1446) ಕೇಳಿದನೆಂದು ಫೆರಿಸ್ತನ ಗ್ರಂಥದಿಂದ ತಿಳಿದುಬರುತ್ತದೆ.

ರಾಯನು ಸಾಮಂತರನ್ನೂ ಬ್ರಾಹ್ಮಣರನ್ನೂ ಕರೆಯಿಸಿ, ವಿಸ್ತಾರದಲ್ಲಿಯೂ ಜನಸಂಖ್ಯೆಯಲ್ಲಿಯೂ ಆದಾಯದಲ್ಲಿಯೂ ತನ್ನ ರಾಜ್ಯವೇ ಹಿರಿದಾಗಿರಲು ಸೋಲಿಗೆ ಕಾರಣವೇನೆಂದು ವಿಚಾರಿಸಿದನಂತೆ. ಕೆಲವರು ಅದು ದೈವಸಂಕಲ್ಪವೆಂದರು. ಉಳಿದವರು ಶತ್ರುಗಳ ಕುದುರೆಗಳು ಹೆಚ್ಚು ಬಲಿಷ್ಠವಾದುವೆಂದೂ ಅವರ ಬಿಲ್ಲಾಳುಗಳು ಹೆಚ್ಚು ನಿಪುಣರೆಂದೂ ಎರಡು ಕಾರಣಗಳನ್ನು ಹೇಳಿದರು. ರಾಯನು ಈ ಎರಡನೆಯ ಪಕ್ಷವನ್ನೇ ಹಿಡಿದನು. ಮಹಮ್ಮದೀಯ ಯೋಧರನ್ನು ಸೇವೆಗೆ ಸೇರಿಸಿಕೊಂಡು ಜಹಗೀರುಗಳನ್ನು ಕೊಟ್ಟನು. ರಾಜಧಾನಿಯಲ್ಲಿ ಮಸೀದಿಯನ್ನು ಕಟ್ಟಿಸಿದನು. ಅವರು ತಮ್ಮ ಧರ್ಮಕ್ಕೆ ಲೋಪವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನು. ತನ್ನ ಹಿಂದೂ ಸೈನಿಕರಿಗೂ ಬಿಲ್ವಿದ್ಯೆಯನ್ನು ಕಲಿಸಿದನು. ಹೀಗೆ 2,000 ಮಹಮ್ಮದೀಯರೂ 60,000 ಹಿಂದೂಗಳೂ ಬಿಲ್ಲುಗಾರಿಕೆಯಲ್ಲಿ ನುರಿತರೆಂಬುದು ಫೆರಿಸ್ತನ ಲೆಕ್ಕ.

ಫೆರಿಸ್ತನು ಬಿಜಾಪುರದ ಆಸ್ಥಾನದಲ್ಲಿದ್ದುಕೊಂಡು ಸುಮಾರು 160 ವರ್ಷಗಳ ತರುವಾಯ ಬರೆದವನು. ಆದುದರಿಂದ ಅವನ ಅಂಕೆಗಳಲ್ಲಿ ಸಂಶಯಕ್ಕೆ ಎಡೆಯುಂಟು. ಆದರೆ ಈ ವೃತ್ತಾಂತದ ತಿರುಳಿಗೆ ಹಂಪೆಯಲ್ಲಿಯೇ ಸಮಕಾಲೀನ ಸಾಕ್ಷ್ಯವಿದೆ. ದೇವರಾಯನ ಸೇವಕನಾದ ಅಹಮದಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯ ಶಾಸನವು ಕನ್ನಡದಲ್ಲಿದೆ. ಅದು ಕಟ್ಟಡವನ್ನು ಧರ್ಮಶಾಲೆಯೆಂದು ಕರೆದು, ದೇವರಾಯನಿಗೆ ಪುಣ್ಯವಾಗಲೆಂದು ಅರ್ಪಿಸುತ್ತದೆ. ಕಟ್ಟಡವು ಮಂಟಪದ ರೀತಿಯಲ್ಲಿಯೇ ಇದೆ. ಅನ್ಯಮತೀಯ ಯೋಧರು ಕೇವಲ ಕೂಲಿಯಾಳುಗಳಾಗಿರದೆ ರಾಜನ ಶ್ರೇಯಸ್ಸನ್ನು ಬಯಸುವ ಪರಿವಾರದವರಾಗಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರವು ಬೇಕಿಲ್ಲ.

ಸುಧಾರಣೆಯ ಪರೀಕ್ಷೆಯು 1443ರಲ್ಲಿ ನಡೆಯಿತು. ರಾಯನು ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದನು. ಅವನ ಪುತ್ರರು ರಾಯಚೂರು ಬಂಕಾಪುರಗಳನ್ನು ಮುತ್ತಿದರು. ಎರಡು ತಿಂಗಳಲ್ಲಿ ನಡೆದ ಮೂರು ಕದನಗಳಲ್ಲಿ ಮೊದಲನೆಯದರಲ್ಲಿ ವಿಜಯನಗರಕ್ಕೆ ಮೇಲುಗೈಯಾಯಿತು. ಕಡೆಯದರಲ್ಲಿ ರಾಯನ ಹಿರಿಯ ಮಗನು ಮಡಿದನು. ಆದರೂ ಸುಲ್ತಾನನ ಇಬ್ಬರು ಸರದಾರರು ಸೆರೆ ಸಿಕ್ಕಿದರು. ಆಗ ಅಲ್ಲಾಉದ್ದೀನನು ಆ ಇಬ್ಬರ ಪ್ರಾಣವು ಎರಡು ಲಕ್ಷ ಸಾಮಾನ್ಯ ಜನರ ಪ್ರಾಣಕ್ಕೆ ಸಮವೆಂದು ಹೇಳಿ ಕಳುಹಿಸಿದನು. ರಾಯನು ಅವರನ್ನು ಬಿಟ್ಟು, ಕಪ್ಪವನ್ನೊಪ್ಪಿ ಸಂಧಿಮಾಡಿಕೊಂಡನು.

ಇದರಿಂದ ಸುಧಾರಣೆಯು ನಿಷ್ಫಲವಾಯಿತೆಂದು ತೀರ್ಮಾನಿಸುವುದು ಸರಿಯಲ್ಲ. ರಣರಂಗದಲ್ಲಿ ಉಭಯಪಕ್ಷಗಳೂ ಬಹುಮಟ್ಟಿಗೆ ಸರಿಸಮವಾಗಿದ್ದುವು. ಯುದ್ಧವನ್ನು ಮುಗಿಸಿದುದು ಪ್ರಜೆಗಳ ಸಂಹಾರದ ಬೆದರಿಕೆ. ಅದಕ್ಕೆ ಬಿಲ್ವಿದ್ಯೆಯಲ್ಲಿ ಉತ್ತರವಿರಲಿಲ್ಲ. ಸಭೆಯು ಹೇಳಿದ ಮೊದಲನೆಯ ಕೊರತೆಯೂ ಹಾಗೆಯೇ ಉಳಿಯಿತು: ಉತ್ತಮಾಶ್ವಗಳು ಮುಂದೆಯೂ ಅರಬ್ ಪಾರಸಿಕ ದೇಶಗಳಿಂದ ಕಡಲ ದಾರಿಯಾಗಿ ಬರಬೇಕಾಗಿದ್ದಿತು. ಆದರೂ ಮಹಮ್ಮದೀಯ ಯೋಧರನ್ನು ಸೇವೆಯಲ್ಲಿರಿಸಿಕೊಳ್ಳುವ ಪದ್ಧತಿಯು ತುಳುವರ ಕಾಲದಲ್ಲಿಯೂ ನಿಂತಿತು. ಸೋಲನ್ನು ವಿಧಿಯ ಮೇಲೆ ಹೊರಿಸದೆ, ಇದ್ದ ಸೇನೆಗೆ ಇನ್ನಷ್ಟು ತಲೆಗಳನ್ನು ಕೂಡಿಸುವುದರಲ್ಲಿಯೇ ತೃಪ್ತನಾಗದೆ, ಶತ್ರುವಿನಿಂದಲೂ ಕಲಿಯಲು ಮುಂದಾದುದೇ ಪ್ರೌಢದೇವರಾಯನ ಹಿರಿಮೆ.