ನಿಧಾನದ ಪ್ರಯೋಜನ: ದೇಶಾಂತರ ಮಿಂಚಂಚೆ ಯೋಜನೆಗಳು ಮತ್ತು ಹಿರಿಯರ ಕಲಿಕೆ

ಫ್ರಾನ್ಸಿನ ಟುಲೂಸ್ ನಗರದಲ್ಲಿ 1973ರಲ್ಲಿ ಪಿಯೆರ್ ವೆಲ್ಲಾ ಆರಂಭಿಸಿದ 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ' ನಿವೃತ್ತರಿಗೆ ಪ್ರಾಧ್ಯಾಪಕರ ಪಾಠ ಕೇಳುವ ಅವಕಾಶ ಕೊಟ್ಟಿತು. ಅದೇ ಹೆಸರು 1980ರ ದಶಕದ ಆರಂಭದಲ್ಲಿ ಬ್ರಿಟನ್ನಿಗೆ ಬಂದಾಗ ಅದರ ಸ್ವರೂಪವೇ ಬದಲಾಯಿತು. ಪೀಟರ್ ಲಾಸ್ಲೆಟ್, ಮೈಕೆಲ್ ಯಂಗ್, ಎರಿಕ್ ಮಿಡ್‌ವಿಂಟರ್ ರೂಪಿಸಿದ ಮಾದರಿಯಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ, ಸಂಬಳದ ಅಧ್ಯಾಪಕರಿಲ್ಲ. ಒಂದು ಗುಂಪಿಗೆ ಕಲಿಸುವವರು ಇನ್ನೊಂದರಲ್ಲಿ ಕಲಿಯಲು ಕೂರುತ್ತಾರೆ. ಗುರು–ಶಿಷ್ಯರ ನಡುವಿನ ಗೆರೆ ಹೀಗೆ ಅಳಿಸಿದ ಮೇಲೆ ದೇಶಗಳ ನಡುವಿನ ಗೆರೆಯನ್ನೂ ದಾಟಬಹುದೇ ಎಂಬ ಪ್ರಶ್ನೆಗೆ 1990ರ ದಶಕದಲ್ಲಿ ಮಿಂಚಂಚೆ ದಾರಿ ತೋರಿತು. ಬೇರೆಬೇರೆ ದೇಶಗಳ ಹಿರಿಯರು ಒಂದೇ ವಿಷಯ ಹಿಡಿದು ತಿಂಗಳುಗಟ್ಟಲೆ ಬರೆದುಕೊಂಡು ಕೊನೆಗೆ ಒಂದು ಸಂಕಲನವನ್ನೋ ಪ್ರದರ್ಶನವನ್ನೋ ಸಿದ್ಧಪಡಿಸುವ ಯೋಜನೆಗಳು ಯುರೋಪಿನಲ್ಲಿ ನಡೆದವು. ಇವುಗಳ ಬಲ ಇದ್ದದ್ದು ತಂತ್ರಜ್ಞಾನದ ವೇಗದಲ್ಲಲ್ಲ, ಮಿಂಚಂಚೆ ಒದಗಿಸುವ ನಿಧಾನದಲ್ಲಿ ಮತ್ತು ಕೂಡಿ ಮಾಡುವ ಕೆಲಸದಲ್ಲಿ ಎಂಬುದು ಇಲ್ಲಿ ಮಂಡಿಸುವ ವಾದ.

ಮೊದಲು ನಿಧಾನದ ಮಾತು. ಅಮೆರಿಕದ ಮನೋವಿಜ್ಞಾನಿ ವಾರ್ನರ್ ಶಾಯ್ 1956ರಲ್ಲಿ ಆರಂಭಿಸಿದ ಸಿಯಾಟಲ್ ದೀರ್ಘಾವಧಿ ಅಧ್ಯಯನ ಏಳೇಳು ವರ್ಷಗಳಿಗೊಮ್ಮೆ ಜನರ ಬೌದ್ಧಿಕ ಸಾಮರ್ಥ್ಯಗಳನ್ನು ಅಳೆಯುತ್ತ ಬಂದಿತು. ವಯಸ್ಸು ಬುದ್ಧಿಯ ಎಲ್ಲ ಶಕ್ತಿಗಳನ್ನೂ ಒಂದೇ ಸಮನೆ ಕುಂದಿಸುವುದಿಲ್ಲ ಎಂಬುದು ಅದರ ಮುಖ್ಯ ತಿಳಿವು. ಕಂಡದ್ದನ್ನು ಥಟ್ಟನೆ ಗ್ರಹಿಸುವ ವೇಗ ಬೇಗ ಇಳಿಯತೊಡಗುತ್ತದೆ. ಪದಸಂಪತ್ತು ಮತ್ತು ಭಾಷೆಯ ಮೇಲಿನ ಹಿಡಿತ ಇಳಿವಯಸ್ಸಿನವರೆಗೂ ಬಹುಮಟ್ಟಿಗೆ ಉಳಿಯುತ್ತವೆ. ಇದನ್ನು ಒಪ್ಪಿದರೆ, ತಕ್ಷಣದ ಉತ್ತರ ಬೇಡುವ ಮಾಧ್ಯಮ ಹಿರಿಯರನ್ನು ಅವರ ದುರ್ಬಲ ನೆಲೆಯಲ್ಲಿ ಪರೀಕ್ಷಿಸುತ್ತದೆ, ಕಾಯಲು ಬಲ್ಲ ಮಾಧ್ಯಮ ಅವರ ಗಟ್ಟಿ ನೆಲೆಯಲ್ಲಿ ಭೇಟಿಯಾಗುತ್ತದೆ ಎನ್ನಬೇಕಾಗುತ್ತದೆ. ಮಿಂಚಂಚೆಯಲ್ಲಿ ಬಂದ ಪತ್ರವನ್ನು ಎರಡು ಸಲ ಓದಿ, ನಿಘಂಟು ತೆರೆದು, ರಾತ್ರಿ ಬರೆದದ್ದನ್ನು ಬೆಳಿಗ್ಗೆ ತಿದ್ದಿ ಕಳಿಸಬಹುದು. ಕಿವಿ ಮಂದವಾದವರಿಗೂ ಅಕ್ಷರ ದೊಡ್ಡದು ಮಾಡಿಕೊಂಡು ಓದುವವರಿಗೂ ಅದು ಅಡ್ಡಿ ಮಾಡದು. ವಿಡಿಯೋ ಕರೆ ಮನೆಮನೆಗೆ ಬಂದಿರುವಾಗ ಮಿಂಚಂಚೆ ಹಳತಾಯಿತು ಎನ್ನುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಮುಖ ನೋಡಿ ಮಾತಾಡುವ ಸುಖ ಬೇರೆ. ಯೋಚಿಸಿ ಬರೆಯುವ ಕಲಿಕೆ ಬೇರೆ.

ಬರೀ ಸಂಪರ್ಕ ಸಾಲದು ಎಂಬುದಕ್ಕೂ ಆಧಾರವಿದೆ. ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಿನಾಪ್ಸ್ ಅಧ್ಯಯನದಲ್ಲಿ ಕೆಲವು ಹಿರಿಯರು ಮೂರು ತಿಂಗಳು ಕೌದಿ ಹೊಲಿಗೆಯನ್ನೋ ಡಿಜಿಟಲ್ ಛಾಯಾಗ್ರಹಣವನ್ನೋ ಹೊಸದಾಗಿ ಕಲಿತರು. ಇನ್ನೊಂದು ಗುಂಪು ಅಷ್ಟೇ ಹೊತ್ತು ಒಟ್ಟಿಗೆ ಸೇರಿ ಹೊಸ ಕಲಿಕೆಯಿಲ್ಲದ ಚಟುವಟಿಕೆಗಳಲ್ಲಿ ಕಳೆಯಿತು. ಘಟನೆಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಹೆಚ್ಚಿದ್ದು ಶ್ರಮವಹಿಸಿ ಕಲಿತವರಲ್ಲಿ. ಆ ಪ್ರಯೋಗ ಮಿಂಚಂಚೆಯದಲ್ಲ, ಆದ್ದರಿಂದ ಅದರ ಫಲವನ್ನು ಇಲ್ಲಿಗೆ ಹಾಗೆಯೇ ಎಳೆದು ತರಲಾಗದು. ಆದರೂ ಕುಶಲೋಪರಿಯ ವಿನಿಮಯಕ್ಕೂ ಕೂಡಿ ಮಾಡುವ ಕೆಲಸಕ್ಕೂ ಇರುವ ಅಂತರವನ್ನು ಅದು ಸೂಚಿಸುತ್ತದೆ. ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಆರಂಭವಾದ ಸಾಮಾನ್ಯ ವೈಜ್ಞಾನಿಕ ಮುಂದುವರಿಕೆ ಶಿಕ್ಷಣ ಕೇಂದ್ರ ಈ ಅಂತರವನ್ನು ಮೊದಲೇ ಅರಿತಿತ್ತು. ಕಾರ್ಮೆನ್ ಸ್ಟಾಡೆಲ್‌ಹೋಫರ್ ಅಲ್ಲಿ ನೆಲೆಗೊಳಿಸಿದ ಪದ್ಧತಿ ಶೋಧಿಸುತ್ತ ಕಲಿಯುವುದು: ಪ್ರಶ್ನೆಯನ್ನು ಹಿರಿಯರೇ ಎತ್ತುತ್ತಾರೆ, ಸಾಮಗ್ರಿಯನ್ನು ಅವರೇ ಕಲೆಹಾಕುತ್ತಾರೆ, ಫಲಿತಾಂಶವನ್ನು ಅವರೇ ಪ್ರಕಟಿಸುತ್ತಾರೆ. ಅದೇ ಊರಿನಿಂದ ಬೆಳೆದ ಡ್ಯಾನ್ಯೂಬ್ ಜಾಲ ನದೀತೀರದ ದೇಶಗಳ ಹಿರಿಯರನ್ನು ಹತ್ತಿರ ತಂದಿತು. ಡ್ಯಾನ್ಯೂಬ್ ಹತ್ತು ದೇಶಗಳನ್ನು ಮುಟ್ಟಿ ಹರಿಯುತ್ತದೆ. 1989ರವರೆಗೆ ಅದರ ಮೇಲ್ಭಾಗದ ದಡಗಳಿಗೂ ಕೆಳಭಾಗದ ದಡಗಳಿಗೂ ನಡುವೆ ಶೀತಲ ಸಮರದ ಬೇಲಿ ಇತ್ತು. ಆ ಕಾಲವನ್ನು ಎರಡೂ ಕಡೆ ಬಾಳಿದವರು ಒಬ್ಬರಿಗೊಬ್ಬರು ಬರೆಯುವಾಗ ಪಠ್ಯಪುಸ್ತಕದಲ್ಲಿಲ್ಲದ ಚರಿತ್ರೆ ದಾಖಲಾಗುತ್ತದೆ. ಇಪ್ಪತ್ತರ ಹರೆಯದವರು ಎಷ್ಟೇ ಚುರುಕಾಗಿದ್ದರೂ ಈ ಕೆಲಸ ಅವರಿಂದಾಗದು.

ಭಾಷೆಯ ಆಕ್ಷೇಪಣೆ ಗಂಭೀರವಾದದ್ದು. ದೇಶಾಂತರ ಯೋಜನೆಯೆಂದರೆ ಇಂಗ್ಲಿಷ್ ಬಲ್ಲವರ ಕೂಟವೆಂದೇ ಆಗಿಬಿಡುತ್ತದೆ, ಉಳಿದವರು ಹೊರಗುಳಿಯುತ್ತಾರೆ. ಜರ್ಮನಿಯದೇ ಬೋಖುಮ್‌ನಲ್ಲಿ ಹೆಲ್ಮುಟ್ ಬ್ರಾಮರ್ಟ್ಸ್ 1990ರ ದಶಕದಲ್ಲಿ ಬೆಳೆಸಿದ ಮಿಂಚಂಚೆ ಟ್ಯಾಂಡೆಮ್ ಪದ್ಧತಿಯಲ್ಲಿ ಇದಕ್ಕೊಂದು ಪರಿಹಾರ ಕಾಣಿಸುತ್ತದೆ. ಇಬ್ಬರು ಜೊತೆಗಾರರು ಪತ್ರದ ಅರ್ಧವನ್ನು ತಮ್ಮ ನುಡಿಯಲ್ಲೂ ಉಳಿದರ್ಧವನ್ನು ಎದುರಿನವರ ನುಡಿಯಲ್ಲೂ ಬರೆದು ಪರಸ್ಪರ ತಿದ್ದುತ್ತಾರೆ. ಪರಸ್ಪರತೆ, ಸ್ವಾಯತ್ತತೆ ಇವೆರಡೇ ಅದರ ಸೂತ್ರಗಳು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಿಂತ ಹಿರಿಯರಿಗೇ ಇದು ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ; ಜೀವಮಾನವಿಡೀ ಬಳಸಿದ ನುಡಿಯಲ್ಲಿ ಅವರು ಅಧಿಕಾರಿಗಳು, ತಿದ್ದಿಸಿಕೊಳ್ಳುವ ಸಂಕೋಚವನ್ನು ತಿದ್ದುವ ಗೌರವ ಸರಿದೂಗಿಸುತ್ತದೆ.

ಇನ್ನೊಂದು ಆಕ್ಷೇಪಣೆ ಮನಶ್ಶಾಸ್ತ್ರದ ಒಳಗಿನಿಂದಲೇ ಬರುತ್ತದೆ. ಲಾರಾ ಕಾರ್ಸ್ಟೆನ್ಸನ್ ಅವರ ಸಿದ್ಧಾಂತದಂತೆ ಮುಂದೆ ಉಳಿದಿರುವ ಕಾಲ ಕಡಿಮೆಯೆನಿಸಿದಾಗ ಜನ ಪರಿಚಯದ ವಲಯವನ್ನು ತಾವಾಗಿಯೇ ಕಿರಿದುಮಾಡಿಕೊಂಡು ಆಪ್ತರತ್ತ ವಾಲುತ್ತಾರೆ. ಹಾಗಿದ್ದರೆ ಪರದೇಶದ ಅಪರಿಚಿತರು ಯಾಕೆ ಬೇಕು? ಸಿದ್ಧಾಂತವನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಇದೆ. ಹಿರಿಯರು ಬಿಟ್ಟುಕೊಡುವುದು ಅರ್ಥವಿಲ್ಲದ ಒಡನಾಟವನ್ನು; ಅರ್ಥವುಳ್ಳದ್ದನ್ನು ಅವರು ಬಿಗಿಯಾಗಿ ಹಿಡಿಯುತ್ತಾರೆ. ಆದ್ದರಿಂದ ನೂರು ಹೆಸರುಗಳ ಪಟ್ಟಿಗಿಂತ ಒಂದು ಸ್ಪಷ್ಟ ಕೆಲಸ ಹಿಡಿದ ನಾಲ್ಕೈದು ಜನರ ಗುಂಪು ಮೇಲು.

ಕುಂದು ಕಾಣುವುದು ಬೇರೆ ಕಡೆ. ಯುರೋಪಿಯನ್ ಒಕ್ಕೂಟ 2000ದಲ್ಲಿ ವಯಸ್ಕರ ಕಲಿಕೆಗೆಂದು ಆರಂಭಿಸಿ, ಡೆನ್ಮಾರ್ಕಿನ ಜನಶಾಲೆಗಳ ಪ್ರೇರಕ ಗ್ರುಂಟ್ವಿ ಅವರ ಹೆಸರಿಟ್ಟ ಕಾರ್ಯಕ್ರಮ ಹಲವು ದೇಶಗಳ ಸಂಸ್ಥೆಗಳನ್ನು ಎರಡೆರಡು ವರ್ಷದ ಪಾಲುದಾರಿಕೆಗಳಲ್ಲಿ ಬೆಸೆಯಿತು. ಅವಧಿ ಮುಗಿದರೆ ಹಣ ನಿಲ್ಲುತ್ತಿತ್ತು; ಬೇರು ಬಿಡುವ ಹೊತ್ತಿಗೆ ಯೋಜನೆ ಮುಗಿದಿರುತ್ತಿತ್ತು. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದ ಆಸರೆಯಲ್ಲಿ ರಿಕ್ ಸ್ವಿಂಡೆಲ್ ಮೊದಲಾದವರು 1990ರ ದಶಕದ ಕೊನೆಗೆ ಕಟ್ಟಿದ ಅಂತರಜಾಲದ ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ ಸ್ವಯಂಸೇವಕರನ್ನು ನೆಚ್ಚಿತು, ಮನೆಯಿಂದ ಹೊರಬರಲಾರದವರನ್ನೂ ತಲುಪಿತು. ಬಾಳಿಕೆಗೆ ಈ ದಾರಿಯೇ ಸರಿ.

ಭಾರತದ ಮಟ್ಟಿಗೆ ದೊಡ್ಡ ಅಡ್ಡಿ ಅಕ್ಷರ. 2011ರ ಜನಗಣತಿಯಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಓದುಬರಹ ಬರುತ್ತಿರಲಿಲ್ಲ. ಓದಿದ ಹಿರಿಯರು ಓದದವರ ಮಾತನ್ನು ಕೇಳಿ ಬರೆದು ಕಳಿಸುವಂತೆ ಯೋಜನೆಯನ್ನು ರೂಪಿಸದಿದ್ದರೆ ಅದು ನಗರದ ಪಿಂಚಣಿದಾರರ ಸ್ವತ್ತಾಗಿಯೇ ಉಳಿಯುತ್ತದೆ. ಕನ್ನಡಕ್ಕೆ ಲಿಪಿಯ ತೊಡಕು ಈಗಿಲ್ಲ: ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಿದೆ, ಯೂನಿಕೋಡ್ ಇದೆ, ಮಾತನ್ನೇ ಅಕ್ಷರವಾಗಿಸುವ ಫೋನುಗಳಿವೆ. ಹೊರದೇಶಗಳ ಕನ್ನಡ ಸಂಘಗಳಲ್ಲಿ ನಿವೃತ್ತರಾದ ಒಂದು ತಲೆಮಾರೇ ಇದೆ. ನಮ್ಮ ವಿಶ್ವವಿದ್ಯಾಲಯಗಳ ವಯಸ್ಕರ ಶಿಕ್ಷಣ ವಿಭಾಗಗಳು ಒಂದು ವಿಷಯ ಆರಿಸಲಿ, ಊರಿನ ಕೆರೆಯಾಗಲಿ, ವಲಸೆಯಾಗಲಿ. ಇಲ್ಲಿನ ಐವರನ್ನೂ ಅಲ್ಲಿನ ಐವರನ್ನೂ ಜೊತೆಗೂಡಿಸಿ ಒಂದು ವರ್ಷ ಬರೆಯಿಸಲಿ, ಬರೆದದ್ದನ್ನು ಅಚ್ಚು ಹಾಕಿಸಲಿ.